ಭೀಮಕ್ಕ ಎತ್ತಿಕೊಂಡ ಸೊಲ್ಲು

ನನ್ನ ಹೆಂಡತಿ ಭೀಮಕ್ಕ ಸನ್ಯಾಸಿನಿಯಾಗಿರಲಿಲ್ಲ. ಈ ಮಾತನ್ನು ನಾನು ಅಂಜಲಿಗೆ ಮೊದಲೇ ಹೇಳಿದೆ. ಅಂಜಲಿ ಕುಷ್ಟಗಿ ಊರಿನ ಹುಡುಗಿ. ಹೆಸರಾದ ರಾಕ್ ಹಾಡುಗಳ ಹಿಂದಿನ ಕಥೆಗಳನ್ನು ಹುಡುಕಿ ಪತ್ರಿಕೆಗೆ ಬರೆಯುತ್ತಾಳೆ. 2012ರ ಮಾಘ ಮಾಸದ ಒಂದು ಬೆಳಿಗ್ಗೆ ಅವಳು ಹಂಪಿಯ ಎದುರು ಹೊಳೆಯ ನಡುವಿರುವ ನಮ್ಮ ವಿರೂಪಾಪುರಗಡ್ಡೆಗೆ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಳು. ಭೀಮಕ್ಕ ತೀರಿಕೊಂಡು ಆಗ ಐದು ತಿಂಗಳಾಗಿತ್ತು.

ಮಾರ್ಟಿನ್ ಎಂಬ ಹಾಡುಗಾರನ ತಂಡ 1999ರಲ್ಲಿ ನಮ್ಮ ಗಡ್ಡೆಯಲ್ಲಿ ಒಂದು ಹಾಡನ್ನು ರೆಕಾರ್ಡ್ ಮಾಡಿತ್ತು. ಅದು ಹೊರದೇಶಗಳಲ್ಲೆಲ್ಲ ಹೆಸರಾಯಿತು. ಹಾಡಿನ ನಡುವೆ ಒಂದು ಕಡೆ ಅವನ ದನಿ ಒಡೆಯುತ್ತದೆ. ಒಡೆದ ಅದೇ ಸ್ವರದಿಂದ ಒಬ್ಬ ಹೆಂಗಸು ರಾಮನಾಮವನ್ನು ಎತ್ತಿಕೊಳ್ಳುತ್ತಾಳೆ. ಗಿಟಾರು ಒಂದು ಗಳಿಗೆ ತಡವರಿಸಿ ಅವಳ ಹಿಂದೆ ಹೋಗುತ್ತದೆ. ಆ ಇಪ್ಪತ್ತು ಸೆಕೆಂಡಿಗಾಗಿಯೇ ಜನ ಆ ಹಾಡನ್ನು ಕೇಳುತ್ತಾರಂತೆ.

"ಆ ಹೆಣ್ಮಗಳು ಯಾರಂತ ಬರದಾರ?" ಎಂದು ಕೇಳಿದೆ.

"ಗವಿಯಿಂದ ಎದ್ದು ಬಂದ ಸನ್ಯಾಸಿನಿ ಅಂತ್ರಿ ಅಜ್ಜಾರ. ಹಾಡಿ, ಆಶೀರ್ವಾದ ಮಾಡಿ, ಹೊಳಿ ದಂಡಿಗುಂಟ ಹೋಗಿಬಿಟ್ಲಂತ. ಮಾರ್ಟಿನ್ ಎಲ್ಲಾ ಕಡೆ ಹಂಗ ಹೇಳ್ಯಾನ."

"ಗವ್ಯಾಗ ಯಾಕಿರ್ತಾಳ? ಕೆಸರಾಗ ಇದ್ಲು. ಭತ್ತದ ಸಸಿ ಹಚ್ಚಾಕತ್ತಿದ್ಲು."

ಅಂಜಲಿ ನಕ್ಕಳು, ಆದರೆ ಬರೆದುಕೊಳ್ಳಲಿಲ್ಲ. ಆ ಹೆಂಗಸು ತಮ್ಮ ಮನೆಯವಳೆಂದು ಹೇಳಿದವರು ನನಗಿಂತ ಮೊದಲು ಮೂವರು ಸಿಕ್ಕಿದ್ದರಂತೆ. ಲೇಖನ ಮರುದಿನವೇ ಅಚ್ಚಿಗೆ ಹೋಗಬೇಕಿತ್ತು. ಸಾಕ್ಷಿ ಸಿಗದಿದ್ದರೆ ಸನ್ಯಾಸಿನಿ ಎಂದೇ ಬರೆಯಬೇಕಾಗುತ್ತದೆ ಎಂದಳು. ಭೀಮಕ್ಕನ ದನಿ ಲೋಕದಲ್ಲೆಲ್ಲ ಇದ್ದು, ಅವಳ ಹೆಸರು ಮಾತ್ರ ಎಲ್ಲಿಯೂ ಇಲ್ಲದಂತಾಗುವುದನ್ನು ನಾನು ಒಪ್ಪುವವನಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ.

ನಮ್ಮ ಹನುಮಪ್ಪನ ಗುಡಿಯಲ್ಲಿ ಶ್ರಾವಣದಲ್ಲಿ ಏಳು ದಿನ ಅಖಂಡ ಭಜನೆ ನಡೆಯುತ್ತದೆ. ಏಳು ದಿನವೂ ದನಿ ಕಡಿಯಬಾರದು. ಹಾಡುವವನ ಗಂಟಲು ಸೋತರೆ ಅವನು ಬಲಗೈ ಎತ್ತುತ್ತಾನೆ. ಆ ಕೈ ಕಂಡವರು ಯಾರೇ ಇರಲಿ, ಅವನು ಬಿಟ್ಟ ಸ್ವರದಲ್ಲಿಯೇ ಸೊಲ್ಲನ್ನು ಎತ್ತಿಕೊಳ್ಳಬೇಕು. ಉಣ್ಣುತ್ತಿದ್ದರೂ ಎತ್ತಿಕೊಳ್ಳಬೇಕು. ಮದುವೆಯಾಗಿ ಬಂದ ವರ್ಷದಿಂದ ಭೀಮಕ್ಕ ಒಂದು ಶ್ರಾವಣವನ್ನೂ ತಪ್ಪಿಸಿದವಳಲ್ಲ.

ಮಾರ್ಟಿನ್ ಉಳಿದುಕೊಂಡಿದ್ದ ಗೆಸ್ಟ್‌ಹೌಸಿನ ಪಡಸಾಲೆ ನಮ್ಮ ಗದ್ದೆಗೆ ಮುಖ ಮಾಡಿತ್ತು. ಅಲ್ಲಿಯೇ ಮೈಕು ಇಟ್ಟುಕೊಂಡು ಅವರು ನಾಲ್ಕು ದಿನ ಆ ಒಂದೇ ಹಾಡನ್ನು ಹಾಡಿದರು. ಗದ್ದೆಯಲ್ಲಿದ್ದ ಹೆಂಗಸರಿಗೆಲ್ಲ ಅದರ ಧಾಟಿ ಬಾಯಿಗೆ ಬಂದಿತ್ತು. ನಾಲ್ಕನೆಯ ದಿನ ಮೇಲಿನ ಸ್ವರಕ್ಕೆ ಹೋದಾಗ ಅವನ ದನಿ ಒಡೆಯಿತು. ರೆಕಾರ್ಡಿಂಗ್ ನಿಲ್ಲಿಸು ಎಂದು ಬಲಗೈ ಎತ್ತಿದ. ಯಂತ್ರದವನು ತಲೆ ಬಗ್ಗಿಸಿಕೊಂಡಿದ್ದ, ನೋಡಲಿಲ್ಲ. ಭೀಮಕ್ಕ ನೋಡಿದಳು. ಸಸಿಯ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಎತ್ತಿಕೊಂಡಳು. ಅವನ ಹಾಡಿನ ಮಾತು ಅವಳಿಗೆ ಬರುತ್ತಿರಲಿಲ್ಲ. ರಾಮ ಎನ್ನುವುದು ಬರುತ್ತಿತ್ತು.

"ಅಂದ್ರ ತಪ್ಪು ತಿಳಕೊಂಡು ಹಾಡಿದ್ರೇನ್ರಿ?" ಎಂದಳು ಅಂಜಲಿ.

"ಹೌದು, ತಪ್ಪು ತಿಳಕೊಂಡೇ ಹಾಡಿದ್ಲು. ಹಂಗ ಬರಿ."

"ಆಶೀರ್ವಾದ ಅಂದ್ರ ಓದೋರಿಗೆ ಭಾಳ ಛಲೋ ಅನಸ್ತೈತ್ರಿ."

"ದೇವರ ಹೆಸರು ತಗೊಂಡು ಹಾಡ್ಯಾಳ. ಅದಕ್ಕ ಸುಳ್ಳಿನ ಒಗ್ಗರಣಿ ಯಾಕ ಬೇಕ ಯವ್ವಾ?"

ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು: "ಹಾಡಿದ ಮ್ಯಾಲೆ ಏನಾತ್ರಿ?"

"ಯಾರಾರ ಎತ್ತಿಗೊಳ್ತಾರೇನಂತ ಆಕಿ ಮೂರು ಸಲ ಅದನ್ನ ತಿರುಗಿಸಿ ಅಂದ್ಲು. ಅವರೆಲ್ಲ ಬಾಯಿ ತಕ್ಕೊಂಡು ನಿಂತಿದ್ರು. ಕಡೀಗೆ ಬದುವಿನ ಮ್ಯಾಲಿಂದ ನಾನ ಎತ್ತಿಗೊಂಡೆ. ಆಕಿ ಉಸುರು ಬಿಟ್ಟು ತಿರುಗಿ ನೋಡ್ತಾಳ, ಬಾಜೂ ಮನಿ ಲಾಲಬೀ ಎಮ್ಮಿ ನಮ್ಮ ಸಸಿಮಡಿಗೆ ಬಾಯಿ ಹಾಕೇತಿ. ಒದರಿದ್ಲು ನೋಡು, ಹೊಳಿ ಆಚಿ ಹಂಪ್ಯಾಗ ಕೇಳಬೇಕು ಹಂಗ."

ಅಂಜಲಿಯ ಪೆನ್ನು ನಿಂತಿತು. ಆಗ ಅವಳು ತನ್ನಲ್ಲಿಟ್ಟುಕೊಂಡಿದ್ದ ವಿಷಯವನ್ನು ಹೇಳಿದಳು. ಅಂದು ರೆಕಾರ್ಡಿಂಗ್ ಮಾಡಿದವನು ಕತ್ತರಿಸದ ಪೂರ್ತಿ ಟೇಪನ್ನು ಹಿಂದಿನ ತಿಂಗಳು ಅವಳಿಗೆ ಕಳಿಸಿದ್ದ. ಹಾಡಿನ ಆಚೆ ಅದರಲ್ಲಿ ಏನಿದೆ ಎಂಬುದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಹಾಡಿದ ಮೇಲೆ ಏನಾಯಿತು ಎಂಬ ಇದೇ ಪ್ರಶ್ನೆಯನ್ನು ಅವಳು ಮೊದಲಿನ ಮೂವರಿಗೂ ಕೇಳಿದ್ದಳು. ಮೂವರೂ ಸನ್ಯಾಸಿನಿಯನ್ನು ಹೊಳೆಯ ದಂಡೆಗೇ ಕಳಿಸಿದ್ದರು.

ಫೋನಿಗೆ ಒಂದು ಸಣ್ಣ ಸ್ಪೀಕರ್ ಜೋಡಿಸಿ ಕೇಳಿಸಿದಳು. ಒಡೆದ ದನಿ ಬಂತು, ಭೀಮಕ್ಕ ಬಂದಳು. ಇಷ್ಟನ್ನು ನಮ್ಮ ಗಡ್ಡೆಯ ಹೋಟೆಲುಗಳಲ್ಲಿ ಎಷ್ಟೋ ಸಲ ಕೇಳಿದ್ದೆ, ಗಟ್ಟಿಯಾಗಿಯೇ ಕುಳಿತಿದ್ದೆ. ಮೂರು ಸಲ ರಾಮನಾಮ ತಿರುಗಿತು. ದೂರದಿಂದ ನನ್ನ ದನಿ ಬಂತು. ಆಮೇಲೆ:

"ಲಾಲಬೀ! ಏ ಲಾಲಬೀ! ನಿನ್ನ ಎಮ್ಮಿ ನನ್ನ ಸಸಿ ತಿನ್ನಾಕತ್ತೈತಿ, ಕಣ್ಣು ಎಲ್ಲಿಟ್ಟೀಯಬೇ!"

ಹಾಡು ದೇವರ ಪಾಲಿನದು. ಈ ಒದರಾಟ ನನ್ನ ಮನೆಯದು. ಐದು ತಿಂಗಳಿನಿಂದ ಅದನ್ನು ನಾನು ಕೇಳಿರಲಿಲ್ಲ. ಕಟ್ಟೆಯ ಕಂಬವನ್ನು ಹಿಡಿದುಕೊಂಡೆ.

"ಬಂದ್ನೇ ಯಕ್ಕಾ, ತಡಿ! ಬರೇ ನನ್ನ ಎಮ್ಮೀನ ಕಾಣತೈತಿ ನಿನ್ನ ಕಣ್ಣಿಗೆ!"

ಈ ಉತ್ತರ ಬಂದದ್ದು ಟೇಪಿನಿಂದಲ್ಲ, ಗೋಡೆಯಾಚೆಯಿಂದ. ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದ ಲಾಲಬೀ ಸಗಣಿಯ ಕೈಯಲ್ಲೇ ಓಡಿ ಬಂದಳು. ನನ್ನ ಹಾಗೆ ಅವಳಿಗೂ ಎಪ್ಪತ್ತರ ಹತ್ತಿರ ವಯಸ್ಸು. ಕಟ್ಟೆಯ ಮೇಲೆ ನಾವಿಬ್ಬರೇ ಇರುವುದನ್ನು ಕಂಡು ನಿಂತುಬಿಟ್ಟಳು.

"ಎಲ್ಲದಾಳ?" ಎಂದು ಮೆಲ್ಲಗೆ ಕೇಳಿದಳು.

ನಾನು ಸ್ಪೀಕರ್ ತೋರಿಸಿದೆ. ಅವಳು ಮೆಟ್ಟಿಲಿನ ಮೇಲೆ ಕುಳಿತಳು. "ಇನ್ನೂ ಬೈಯ್ಯೋದು ಬಿಟ್ಟಿಲ್ಲಲ್ಲೋ ವೆಂಕೋಬಣ್ಣಾ" ಎಂದಳು.

ಅಂಜಲಿ ತನ್ನ ಹಾಳೆಗಳನ್ನು ತೆಗೆದು, ಸನ್ಯಾಸಿನಿ ಎಂದಿದ್ದ ಕಡೆಯಲ್ಲೆಲ್ಲ ಗೀಟು ಎಳೆದಳು.

"ಹೆಂಗ ಬರೀಲ್ರಿ ಅಜ್ಜಾರ?"

"ಭೀಮಕ್ಕ. ಊರು ವಿರೂಪಾಪುರಗಡ್ಡಿ. ಸಸಿ ಹಚ್ಚಾಕಿ, ಭಜನಿ ಮಾಡಾಕಿ."

"ನಿಮ್ಮ ಹೆಸರೂ ಹಾಕ್ಲೇನ್ರಿ? ನೀವೂ ಹಾಡೀರಿ."

"ಬ್ಯಾಡ. ನನ್ನ ದನಿ ಕತ್ತರಿಸಿ ಒಗದಾರಲ್ಲ, ಛಲೋ ಕೆಲಸ ಮಾಡ್ಯಾರ."

ಲಾಲಬೀ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಅಂಜಲಿ ಬರೆದು ಮುಗಿಸಿ ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡೆ. ತನಗೆ ಓದಲು ಬರುವುದಿಲ್ಲವೆಂದು ಲಾಲಬೀ ನೆನಪು ಮಾಡಿಕೊಟ್ಟಳು. ಮೂರನೆಯ ಸಲ ಗಟ್ಟಿಯಾಗಿ ಓದಿದೆ.