ಆಂಟಿವೈರಸ್ ನುಂಗಿದ ಕೆರೆ

ನನ್ನ ಗಂಡ ಶ್ರೀಧರ್‌ಗೆ ಭಯವೇ ಮನೆದೇವರು. ಬೇಗೂರಿನ ನಮ್ಮ ಮನೆಗೆ ಬಂದವರು ಮೊದಲು ನೋಡುವುದು ಕಿಟಕಿಗಳ ಗ್ರಿಲ್ಲನ್ನು, ಆಮೇಲೆ ಬಾಗಿಲ ಮೇಲಿನ ಕ್ಯಾಮೆರಾವನ್ನು, ಆಮೇಲೆ ನಮ್ಮನ್ನು. ನೀರಿನ ಸಂಪಿಗೆ ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ಬೀಗ, ಬೀಗದ ಕೈ ಇವರ ಜೇಬಿನಲ್ಲಿ. ಹೀಗಾಗಿ ಮನೆಯ ಕಂಪ್ಯೂಟರಿಗೆ ಆಂಟಿವೈರಸ್ ಹಾಕಿಸಬೇಕು ಎಂದು ಇವರು ಹೊರಟಾಗ ನನಗೇನೂ ಆಶ್ಚರ್ಯವಾಗಲಿಲ್ಲ, ಸಿಟ್ಟು ಮಾತ್ರ ಬಂತು.

“ಮನೇಲಿರೋ ಕಂಪ್ಯೂಟರ್‌ಗೆ ಯಾವ ವೈರಸ್ ಬರುತ್ತೆ ರೀ? ಅದೇನು ಬಸ್ಸಲ್ಲಿ ಓಡಾಡುತ್ತಾ?”

“ನಿಂಗೆ ಗೊತ್ತಾಗಲ್ಲ ಶೋಭಾ. ಆಂಜಿನಪ್ಪನ ಮನೇಲಿ ಮಗಳ ಮದುವೆ ಫೋಟೋ ಎಲ್ಲಾ ಹೋಯ್ತಂತೆ. ಒಂದೂ ಓಪನ್ ಆಗ್ತಿಲ್ಲ.”

ಆಂಜಿನಪ್ಪ ಇವರ ದಾಯಾದಿ. ಅವರ ಮನೆಯಲ್ಲಿ ಏನು ಹೋದರೂ ನಮ್ಮ ಮನೆಯಲ್ಲಿ ಒಂದು ಬೀಗ ಹೆಚ್ಚಾಗುತ್ತದೆ. ನಾನೂ ಸುಮ್ಮನಿರುವವಳಲ್ಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ, ಹಾಳುಮೂಳು ಲಿಂಕ್ ಒತ್ತುವುದಿಲ್ಲ, ಕಂಡದ್ದನ್ನೆಲ್ಲ ಇಳಿಸಿಕೊಳ್ಳುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುವ ಗಾದೆಯ ಇನ್ನರ್ಧವನ್ನು ಇವರು ನನಗೆ ನೆನಪಿಸಿದರು.

ಆದರೆ ಆ ಕಂಪ್ಯೂಟರ್ ನನ್ನೊಬ್ಬಳದಲ್ಲ. ಹಗಲು ನನ್ನದು, ಸಂಜೆ ನನ್ನ ಅತ್ತೆ ಭದ್ರಮ್ಮನವರದು. ಸಂಜೆಯಾದರೆ ಅದು ಕೆರೆಯಾಗುತ್ತಿತ್ತು.

ನಮ್ಮ ಹೊಲಗಳ ಅಂಚಿನಲ್ಲಿ ಹಿಂದೆ ಹೊಂಗೆಕೆರೆ ಎಂಬ ಚಿಕ್ಕ ಕೆರೆಯಿತ್ತಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಲೇಔಟಿನವರು ಅದನ್ನು ನುಂಗಿ ನೀರು ಕುಡಿದಿದ್ದರು. ಅಲ್ಲಿ ಎದ್ದ ಅಪಾರ್ಟ್‌ಮೆಂಟಿಗೆ ಲೇಕ್ ವ್ಯೂ ಎಂದು ಹೆಸರು ಬೇರೆ ಇಟ್ಟರು, ಮಾನಗೆಟ್ಟವರು. ಅರವತ್ತು ದಾಟಿದ ಮೇಲೆ ಮೌಸ್ ಹಿಡಿಯಲು ಕಲಿತ ಅತ್ತೆ ಆ ಕೆರೆಯನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಬರೆಯತೊಡಗಿದರು. ವರ್ಷಗಟ್ಟಲೆ ಬರೆದರು. ಹೊಂಗೆ ಮರ, ಬಟ್ಟೆ ಒಗೆಯುವ ಕಲ್ಲು, ಗದ್ದೆಗೆ ನೀರು ಬಿಡುವ ತೂಬು, ಒಂಟಿಕಾಲಿನ ಕೊಕ್ಕರೆ. ಆಗ ನಮ್ಮ ಕೆಳಗಿನ ರೂಮಿನಲ್ಲಿ ಗದಗಿನ ಪರಮಾನಂದ ಬಾಡಿಗೆಗಿದ್ದ, ಅನಿಮೇಷನ್ ಕೆಲಸದವನು. “ಅಮ್ಮಾರ, ನಿಮ್ಮ ಕೆರಿಗೆ ನಾ ನೀರು ತುಂಬಸ್ತೀನ್ರಿ” ಎಂದು ಅದನ್ನು ಸ್ಕ್ರೀನ್‌ಸೇವರ್ ಮಾಡಿಕೊಟ್ಟ. ಕಂಪ್ಯೂಟರನ್ನು ಯಾರೂ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಪರದೆಯ ಮೇಲೆ ತಾನಾಗಿ ಕೆರೆ ತುಂಬುತ್ತಿತ್ತು.

ದೇವರಿಗೆ ದೀಪ ಹಚ್ಚಿ, ಎಲೆ ಅಡಿಕೆ ಹಾಕಿಕೊಂಡು ಅತ್ತೆ ಅದರ ಮುಂದೆ ಕೂರುತ್ತಿದ್ದರು. ಟ್ಯೂಬ್‌ಲೈಟ್ ಹಾಕಲು ಬಿಡುತ್ತಿರಲಿಲ್ಲ. ನಡುಮನೆಯ ಗೋಡೆಗಳ ಮೇಲೆ, ಕ್ಯಾಲೆಂಡರಿನ ಮೇಲೆ, ಅತ್ತೆಯ ಬಿಳಿಗೂದಲ ಮೇಲೆ ನೀರಿನ ಬೆಳಕು ಆಡುತ್ತಿತ್ತು. ಸೊಪ್ಪು ಬಿಡಿಸುತ್ತ ಪಕ್ಕದಲ್ಲಿ ಕೂತರೆ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು. ಹೊರಗೆ ಟ್ರಾಫಿಕ್ಕಿನ ಗದ್ದಲ ಇದ್ದೇ ಇರುತ್ತಿತ್ತು, ಆದರೆ ಅದು ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿರುವ ಹಾಗೆ ಕೇಳಿಸುತ್ತಿತ್ತು. ಪಾದ ತಣ್ಣಗಾಯಿತೆನಿಸಿ ನಾನು ಕಾಲು ಮೇಲಕ್ಕೆ ಎತ್ತಿಟ್ಟುಕೊಂಡದ್ದೂ ಉಂಟು.

ಕೆರೆಯ ಮೇಲೆ ಕತ್ತಲು ಇಳಿಯುವಾಗ ಏರಿಯ ಆ ತುದಿಯಿಂದ ಒಬ್ಬ ಹುಡುಗ ಬರುತ್ತಿದ್ದ. ನೀಲಿ ಚಡ್ಡಿ, ಹೆಗಲಲ್ಲಿ ಬಟ್ಟೆಯ ಚೀಲ. ಅವಸರವಿಲ್ಲದೆ ಏರಿಯುದ್ದಕ್ಕೂ ನಡೆದು, ಈ ತುದಿಗೆ ಬಂದು, ಪರದೆಯಿಂದಾಚೆ ಮನೆಯ ಕಡೆಗೆ ಹೋಗುತ್ತಿದ್ದ. “ಬಂದ” ಎಂದು ಅತ್ತೆ ಏಳುತ್ತಿದ್ದರು. ಆಮೇಲೆಯೇ ನಮ್ಮೆಲ್ಲರ ಊಟ.

ಅವನು ಭಾನುಪ್ರಕಾಶ, ಅತ್ತೆಯ ಕಿರಿಯ ಮಗ. ಮೂರನೇ ಕ್ಲಾಸಿನಲ್ಲಿದ್ದಾಗ ಆ ಕೆರೆಯಲ್ಲಿ ಮುಳುಗಿಹೋದ. ಶ್ರೀಧರ್ ಆಗ ಅವನಿಗಿಂತ ಸ್ವಲ್ಪ ದೊಡ್ಡವರು. ಇದನ್ನೆಲ್ಲ ನನಗೆ ಹೇಳಿದ್ದು ಅತ್ತೆ. ಇವರು ಒಂದು ದಿನವೂ ಬಾಯಿ ಬಿಟ್ಟವರಲ್ಲ. ಸಂಜೆ ಆ ಹೊತ್ತಿಗೆ ಸರಿಯಾಗಿ ಇವರಿಗೆ ಹೊರಗೆ ಏನಾದರೊಂದು ಕೆಲಸ ಬಂದುಬಿಡುತ್ತಿತ್ತು.

ಕೊನೆಗೂ ಒಂದು ಭಾನುವಾರ ಆಂಟಿವೈರಸ್ ಬಂತು. ಬಂದದ್ದೇ ಹೊಸ ಅಳಿಯನ ಗತ್ತಿನಲ್ಲಿ ಮೂಲೆಮೂಲೆ ಹುಡುಕಿ, ಇನ್ನು ಚಿಂತೆಯಿಲ್ಲ ಎಂದು ಹಸಿರು ಗುರುತು ತೋರಿಸಿತು. ಆ ಸಂಜೆ ಕೆರೆ ತುಂಬಲಿಲ್ಲ. ಪರದೆ ಸುಮ್ಮನೆ ಕಪ್ಪಾಯಿತು. ಅತ್ತೆ ಮೌಸ್ ಅಲ್ಲಾಡಿಸಿದರು, ಬಿಟ್ಟರು, ಮತ್ತೆ ಕಾದರು.

“ಊಟಕ್ಕೆ ಏಳಿ ಅತ್ತೆ.”

“ಅವನಿನ್ನೂ ಬಂದಿಲ್ಲ ಕಣವ್ವ. ನೀವು ಉಣ್ಣೋಗಿ.”

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಶ್ರೀಧರ್ ಕೂಡ ಆ ಮಾತು ಕೇಳಿಸಿಕೊಂಡರು. ಒಂದು ಚಪ್ಪಲಿ ಕಾಲಿನಲ್ಲೇ ಉಳಿಯಿತು. ಎಷ್ಟೋ ವರ್ಷದ ಹಿಂದೆ ಇದೇ ಅಂಗಳದಲ್ಲಿ ಇದೇ ಮಾತನ್ನು ಇವರು ಕೇಳಿರಬೇಕು.

ಮಾರನೆಯ ಸಂಜೆಯೂ ಅತ್ತೆ ಕಪ್ಪು ಪರದೆಯ ಮುಂದೆ ಕೂತು, ಉಣ್ಣದೆ ಮಲಗಿದರು. ಬೆಳಗಾಗುತ್ತಲೇ ನಾನು ಆಂಟಿವೈರಸ್ಸನ್ನು ತೆರೆದು ಜಾಲಾಡಿದೆ. ಕೆರೆ ಅದರೊಳಗೇ ಇತ್ತು. ಅಪಾಯಕಾರಿ ಎಂದು ಹಣೆಪಟ್ಟಿ ಕಟ್ಟಿ ಬೇರೆಯಾಗಿ ಕೂಡಿಹಾಕಿತ್ತು. ಪೂರ್ತಿ ಅಳಿಸಬೇಕೇ, ವಾಪಸ್ ತರಬೇಕೇ ಎಂದು ಕೇಳುತ್ತಿತ್ತು.

“ನೋಡಿ ನಿಮ್ಮ ಕಾವಲುಗಾರನ ಕೆಲಸ! ಲೇಔಟಿನವರು ಒಂದ್ಸಲ ನುಂಗಿದ್ರು, ಈಗ ಇದು ನುಂಗ್ತು” ಎಂದು ವಾಪಸ್ ತರಲು ಹೋದೆ. ಇವರು ನನ್ನ ಕೈ ಹಿಡಿದರು.

“ತಾಳು. ನಿಜವಾಗ್ಲೂ ವೈರಸ್ ಇದ್ರೆ?”

ಆಂಟಿವೈರಸ್ ಕಂಪನಿಗೆ ಫೋನ್ ಮಾಡಿ, ಫೈಲನ್ನು ಅವರಿಗೆ ಕಳಿಸಿದರು. ಮಧ್ಯಾಹ್ನಕ್ಕೆ ಉತ್ತರ ಬಂತು. ವೈರಸ್ ನಿಜವಾಗಿಯೂ ಇತ್ತು, ಪೆನ್‌ಡ್ರೈವಿನಿಂದ ಹತ್ತುವ ಜಾತಿಯದು. ಭಾನುವಿನ ತಿಥಿಗೆ ಕೆರೆಯ ಚಿತ್ರ ಪ್ರಿಂಟ್ ಹಾಕಿಸಬೇಕೆಂದು ಅತ್ತೆ ಪೆನ್‌ಡ್ರೈವ್ ಹಿಡಿದು ಬಸ್‌ಸ್ಟಾಪಿನ ಜೆರಾಕ್ಸ್ ಅಂಗಡಿಗೆ ಹೋಗಿದ್ದರು. ಊರವರೆಲ್ಲರ ಪೆನ್‌ಡ್ರೈವ್ ಹಾಕಿಸಿಕೊಂಡ ಆ ಕಂಪ್ಯೂಟರಿನಿಂದ ರೋಗ ಹತ್ತಿ, ನಮ್ಮ ಮನೆಗೆ ಬಂದು, ಸ್ಕ್ರೀನ್‌ಸೇವರಿನ ಒಳಗೇ ಸೇರಿಕೊಂಡಿತ್ತು. ಅತ್ತೆಯ ಎಲೆ ಅಡಿಕೆ ಚೀಲದಲ್ಲಿ ಕೂತು ಬಂದಿತ್ತು! ನನ್ನ ಜಂಬವೆಲ್ಲ ಇಳಿದುಹೋಯಿತು.

ರೋಗವನ್ನು ಬಿಡಿಸಿ ಕೆರೆಯನ್ನಷ್ಟೇ ಉಳಿಸಲು ಆಗುವುದಿಲ್ಲ, ಅಳಿಸಿಬಿಡಿ ಎಂದು ಕಂಪನಿಯವರು ಹೇಳಿದರು. ಪರಮಾನಂದ ರೂಮು ಬಿಟ್ಟು ಯಾವ ಕಾಲವಾಯಿತೋ, ಅವನ ನಂಬರಿನಲ್ಲಿ ಈಗ ಬೇರೆ ಯಾರೋ ಮಾತಾಡುತ್ತಾರೆ. ಅತ್ತೆ ಬರೆದ ಚಿತ್ರಗಳು ಇದ್ದವು. ಅವುಗಳಲ್ಲಿ ನೀರು ಅಲುಗುವುದಿಲ್ಲ, ಹುಡುಗ ನಡೆಯುವುದಿಲ್ಲ.

“ಅಳಿಸ್ಬಿಡೋಣ” ಎಂದರು ಶ್ರೀಧರ್. “ಬ್ಯಾಂಕು, ನಿನ್ನ ಆಫೀಸು, ಎಲ್ಲಾ ಇದರಲ್ಲೇ ಇದೆ.”

ಮಾತು ಸರಿಯಾಗಿತ್ತು, ಧ್ವನಿ ಸರಿಯಿರಲಿಲ್ಲ. ಹಗುರಾದವರ ಧ್ವನಿ ಅದು. ನನಗೆ ತಡೆಯಲಾಗಲಿಲ್ಲ.

“ನಿಮಗೆ ವೈರಸ್ ಭಯ ಅಲ್ಲ ರೀ, ಆ ಕೆರೆ ಭಯ.”

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು.

“ಅದುಕ್ಕೆ ಕಾಯ್ಲೆ ಬಂದದಾ ಸೀದರಾ?”

“ಹೂಂ ಅಮ್ಮ. ಇಟ್ಕೊಂಡ್ರೆ ಬೇರೇದಕ್ಕೆಲ್ಲಾ ಹರಡುತ್ತೆ.”

ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಕುರ್ಚಿಯಲ್ಲಿ ಕೂತರು. “ಒಂದ್ ವರ್ಸ ಕೆರೆ ನೀರ್ಗೂ ಇಂಗೇ ಆಗಿತ್ತು. ಕುಡ್ದ ದನ ಎಲ್ಲಾ ಸಾಯ್ತಿದ್ವು. ನಿಮ್ಮಪ್ಪ ತೂಬು ಮುಚ್ಚಿ, ಕಾಲ್ವೆಗೆ ಒಂದ್ ತೊಟ್ಟು ನೀರು ಓಗ್ದಂಗೆ ಮಾಡುದ್ರು. ನೀರು ಕೆಟ್ರೆ ತೂಬು ಮುಚ್ತಾರೆ ಕಣಪ್ಪ, ಕೆರೆ ಒಡೀತಾರಾ?”

ಶ್ರೀಧರ್ ಎದ್ದು ಹೊರಗೆ ಹೋದವರು ಒಂದು ಹೊಸ ಲ್ಯಾಪ್‌ಟಾಪ್ ತಂದರು. ಬ್ಯಾಂಕು, ನನ್ನ ಆಫೀಸು, ಎಲ್ಲವನ್ನೂ ಅದರಲ್ಲಿ ತೆರೆದುಕೊಟ್ಟರು. ಅದಕ್ಕೂ ಒಂದು ಆಂಟಿವೈರಸ್ ಹಾಕಿದರು; ನಾನು ತಕರಾರು ತೆಗೆಯಲಿಲ್ಲ. ಕೊನೆಗೆ ಮೇಜಿನ ಕೆಳಗೆ ತೂರಿಕೊಂಡು ಹಳೆಯ ಕಂಪ್ಯೂಟರಿನ ಇಂಟರ್ನೆಟ್ ವೈರನ್ನು ಕಿತ್ತರು, ಪೆನ್‌ಡ್ರೈವ್ ಹಾಕುವ ಜಾಗಕ್ಕೆ ಟೇಪ್ ಅಂಟಿಸಿದರು. ಒಳಗಿನದು ಹೊರಗೆ ಹೋಗುವ ದಾರಿ ಇನ್ನೊಂದು ಉಳಿದಿಲ್ಲ ಎಂದು ಎರಡು ಸಲ ನೋಡಿದರು. ಕೆರೆಯನ್ನು ವಾಪಸ್ ತಂದದ್ದೂ ಇವರೇ.

ಆ ಸಂಜೆ ಇವರು ಹೊರಗೆ ಹೋಗಲಿಲ್ಲ.

ಪರದೆ ಮೊದಲು ಕಪ್ಪಾಯಿತು. ನಂತರ ಆ ಕಪ್ಪಿನ ತಳದಿಂದ ನೀರು ಮೇಲೆ ಬಂತು. ಹೊಂಗೆ ಮರ ಬಂತು, ಕಲ್ಲು ಬಂತು. ನಡುಮನೆ ಪೂರ್ತಿ ಮೆಲ್ಲಗೆ ತೂಗತೊಡಗಿತು. ಬಾಗಿಲ ಬಳಿ ನಿಂತಿದ್ದ ಶ್ರೀಧರ್ ಒಂದೊಂದೇ ಹೆಜ್ಜೆ ಇಟ್ಟು ಬಂದು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು. ನೀರಿನ ಬೆಳಕು ಇವರ ಅಂಗಿಯ ಮೇಲೆ ಹತ್ತಿ ಕತ್ತಿನವರೆಗೂ ಬಂತು. ಇವರು ಉಸಿರು ಬಿಗಿಹಿಡಿದಿದ್ದರು.

ಏರಿಯ ತುದಿಯಲ್ಲಿ ಹುಡುಗ ಕಾಣಿಸಿಕೊಂಡ. ಅವನು ಅರ್ಧ ದಾರಿ ಬಂದಾಗ ಶ್ರೀಧರ್ ಮಾತಾಡಿದರು.

“ಅಮ್ಮ, ಅವತ್ತು ನಾನೂ ಜೊತೇಲಿದ್ದೆ. ಅವನ ಕೈ ಹಿಡ್ಕೊಂಡು ಬಾ ಅಂತ ನೀನು ಹೇಳಿದ್ದೆ.”

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ನೀನು ಮರ ಬರೆದೆ, ಕಲ್ಲು ಬರೆದೆ, ಕೊಕ್ಕರೇನೂ ಬರೆದೆ. ಇಷ್ಟು ವರ್ಷದಲ್ಲಿ ನನ್ನ ಮಾತ್ರ ಬರೀಲಿಲ್ಲ. ನನ್ ಮೇಲೆ ಅಷ್ಟು ಕೋಪಾನಾ ಅಮ್ಮ?”

ಹುಡುಗ ಈ ತುದಿಗೆ ಬಂದು ಆಚೆಗೆ ಹೋದ. ಅತ್ತೆ ಅವತ್ತು “ಬಂದ” ಎನ್ನಲಿಲ್ಲ, ಏಳಲೂ ಇಲ್ಲ. ಕೈ ಚಾಚಿ ಮಗನ ತಲೆ ಮುಟ್ಟಿದರು.

“ಉಚ್ಚು ಮುಂಡೇದೇ. ನೀನು ಅವತ್ತೇ ಮನೇಗೆ ಬಂದ್ಯಲ್ಲೋ. ಮನೇಗೆ ಬಂದೋನ್ನ ಕೆರೆ ಮ್ಯಾಲೆ ಯಾಕೆ ನಿಲ್ಲಿಸ್ಲಿ?”

ಶ್ರೀಧರ್ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಜೋರಾಗಿ ಅತ್ತುಬಿಟ್ಟರು. ನಾನು ಎದ್ದು ಹೋಗಿ ಮೂವರಿಗೂ ತಟ್ಟೆ ಹಾಕಿದೆ.