ಬಿಸಿಲಿನ ಪ್ರಶ್ನೆ

ಪಕ್ಕದ ಮನೆಯ ತಾರಸಿಯ ಮೇಲೆ ಬೇಸಿಗೆ ಪೂರ್ತಿ ಹಪ್ಪಳ ಒಣಗುತ್ತಿತ್ತು. ಹಳೆಯ ಸೀರೆಯ ಮೇಲೆ ಸಾಲಾಗಿ ಹರಡಿದ ಬಿಳಿಯ ಬಿಲ್ಲೆಗಳು; ನಡುವೆ ತಲೆಗೆ ಟವೆಲ್ಲು ಸುತ್ತಿಕೊಂಡು ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಮಗುಚಿ ಹಾಕುತ್ತಿದ್ದ ವಾರಿಜ. ಅವಳ ತಾಯಿ ಗಿರಿಜಮ್ಮ ಅಂಗಡಿಗಳಿಗೆ ಹಪ್ಪಳ ಮಾಡಿಕೊಟ್ಟೇ ಮಗಳನ್ನು ಸಾಕಿದವರು. ಹತ್ತು ಗಂಟೆಗೆ ಮೇಲೆ ಹತ್ತಿದರೆ ಮೂರರವರೆಗೆ ಹುಡುಗಿ ಇಳಿಯುತ್ತಿರಲಿಲ್ಲ. ರಜೆಯ ದಿನ ನನ್ನ ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದೆ. ಅವಳು ಬಿಸಿಲಿಗೆ ಹೋಗುವುದಿಲ್ಲ ಎಂದು ಊರಿನಲ್ಲಿ ಯಾರು ಬೇಕಾದರೂ ಹೇಳಬಹುದಿತ್ತು, ನಾನು ಮಾತ್ರ ಹೇಳುವಂತಿರಲಿಲ್ಲ.

ಆಗ ನಾನು ಚರ್ಮದ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದೆ. ವಾರಿಜಳಿಗೆ ಪಕ್ಕದ ಊರಿನ ಮೇಷ್ಟರು ಯೋಗೀಶ ಎಂಬುವರೊಂದಿಗೆ ಮದುವೆ ಗೊತ್ತಾಗಿತ್ತು. ಹುಡುಗ ಅವಳಿಗೆ ತುಂಬ ಹಿಡಿಸಿದ್ದ. ಅವನ ಹೆಸರು ಬಂದರೆ ಕೈಯಲ್ಲಿದ್ದ ಹಪ್ಪಳದ ಹಿಟ್ಟು ಹಾಗೇ ಉಳಿಯುತ್ತಿತ್ತು. ಆದರೆ ಒಂದು ಗುಟ್ಟಿತ್ತು. ಅವಳ ಗಲ್ಲದ ಮೇಲೂ ತುಟಿಯ ಮೇಲೂ ಒರಟು ಕೂದಲು ಬರುತ್ತಿತ್ತು. ವಾರಕ್ಕೆರಡು ಸಲ ತಾಯಿ ಬಾಗಿಲು ಹಾಕಿಕೊಂಡು ದಾರದಿಂದ ತೆಗೆಯುತ್ತಿದ್ದರು. ಒಂದು ಸಂಜೆ ಗಿರಿಜಮ್ಮ ನಮ್ಮ ಮನೆಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಗಂಡನ ಮನೇಲಿ ದಾರ ಹಿಡ್ಕೊಂಡು ಕೂರಕ್ಕಾಗತ್ತೇನಮ್ಮಾ? ನಿಮ್ಮಲ್ಲಿ ಲೇಸರ್ ಮಾಡ್ತಾರಂತಲ್ಲ." ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಮದುವೆಗೆ ಐವತ್ತು ದಿನವಿತ್ತು.

ಲೇಸರಿಗೆ ಮುಂಚೆ ಕೇಳುವ ಪ್ರಶ್ನೆಗಳಲ್ಲಿ ಬಿಸಿಲಿನದೂ ಒಂದು. ಬಿಸಿಲಿಗೆ ಕಂದಿದ ಚರ್ಮ ಆ ಬೆಳಕನ್ನು ತಾನೇ ಹೀರಿಕೊಂಡು ಸುಟ್ಟುಕೊಳ್ಳುತ್ತದೆ. ಹೌದು ಎಂದವರನ್ನು ಡಾಕ್ಟರು ಒಂದು ತಿಂಗಳು ಬಿಟ್ಟು ಬರಲು ಹೇಳುತ್ತಿದ್ದರು. ವಾರಿಜ ಲೇಸರಿಗೆ ಬಂದ ದಿನ ಹೊರಗೆ ಏಳು ಜನ ಕಾಯುತ್ತಿದ್ದರು. ಡಾಕ್ಟರು ಬಿಸಿಲಿನ ಪ್ರಶ್ನೆ ಕೇಳಿದರು. ಕಣ್ಣಿಗೆ ಕಪ್ಪು ಮುಚ್ಚಳ ಕಟ್ಟಿಸಿಕೊಂಡು ಮಲಗಿದ್ದ ವಾರಿಜ ಬಾಯಿ ತೆರೆಯುವ ಮೊದಲೇ ನಾನು, "ಇಲ್ಲ ಸರ್, ಮನೆ ಒಳಗೇ ಇರ್ತಾಳೆ" ಎಂದೆ. ಸ್ವಲ್ಪ ಕಂದಿದ ಹಾಗಿದೆಯಲ್ಲ ಎಂದು ಅವರು ಅನುಮಾನಿಸಿದಾಗ, ಹುಟ್ಟಿದ ಬಣ್ಣವೇ ಅದು ಎಂದೂ ಸೇರಿಸಿದೆ. ಒಂದು ತಿಂಗಳು ತಡವಾದರೆ ಮದುವೆಯೊಳಗೆ ಕೆಲಸ ಮುಗಿಯುವುದಿಲ್ಲ ಎಂಬ ಅವಸರ ನನ್ನದು. ಉಪಕಾರ ಮಾಡುತ್ತಿದ್ದೇನೆ ಎಂಬ ಹೆಮ್ಮೆಯೂ ಇತ್ತು.

ಮೂರು ದಿನಕ್ಕೆ ಹಕ್ಕಳೆ ಕಟ್ಟಿತು. ಉದುರಿದಾಗ ಗಲ್ಲದ ಮೇಲೆ ನಾಲ್ಕು, ತುಟಿಯ ಅಂಚಿನಲ್ಲಿ ಎರಡು ಬಿಳಿಯ ಬಿಲ್ಲೆಗಳು ಉಳಿದವು. ತಾರಸಿಯ ಸೀರೆಯ ಮೇಲೆ ಹರಡಿದವುಗಳ ಹಾಗೇ ಇದ್ದವು. ಅಂದಿನಿಂದ ನಾನು ಅಡುಗೆಮನೆಯ ಕಿಟಕಿ ತೆರೆಯಲಿಲ್ಲ. ಡಾಕ್ಟರು ದೀಪ ಹಿಡಿದು ನೋಡಿ, ಇದು ಲೇಸರಿನಿಂದ ಆದದ್ದು, ರೋಗವಲ್ಲ, ಬಣ್ಣ ನಿಧಾನವಾಗಿ ಮರಳಬಹುದು, ತಿಂಗಳುಗಳೇ ಬೇಕು ಎಂದರು. ಆಮೇಲೆ ಬಿಸಿಲಿಗೆ ಹೋಗಿಲ್ಲ ಎಂದಿದ್ದಿರಲ್ಲ ಎಂದು ನಮ್ಮಿಬ್ಬರನ್ನೂ ನೋಡಿದರು. ವಾರಿಜ ತಲೆ ತಗ್ಗಿಸಿ, "ನಾನೇ ಅಕ್ಕಂಗೆ ಹಾಗೆ ಹೇಳಿದ್ದೆ ಸಾರ್, ತಪ್ಪಾಯ್ತು" ಎಂದಳು. ನನ್ನ ಕೆಲಸ ಉಳಿಯಿತು.

ಸೀರೆ ಆರಿಸಲು ಬಂದ ಗಂಡಿನ ಸೋದರತ್ತೆಯ ಕಣ್ಣಿಗೆ ಅದು ಬಿತ್ತು. ತೊನ್ನು ಎಂಬ ಮಾತು ಅಂಗಡಿಯಲ್ಲೇ ಹುಟ್ಟಿ ಸಂಜೆಯೊಳಗೆ ಎರಡು ಊರು ಸುತ್ತಿತು. ಗಿರಿಜಮ್ಮ ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಿಜ ಹೇಳಿದರೆ ಮಗಳಿಗೆ ಗಡ್ಡ ಬರುತ್ತಿತ್ತೆಂದು ಹೇಳಬೇಕು. ಅವರು ಯಾವುದೋ ಕ್ರೀಮು ಒಗ್ಗಲಿಲ್ಲ ಎಂದರು; ಯಾವ ಕ್ರೀಮು ಎಂದು ಕೇಳಿದಾಗ ತಡವರಿಸಿದರು. ಅಷ್ಟು ಸಾಕಾಯಿತು.

ಮರುದಿನ ಮಧ್ಯಾಹ್ನ ಕ್ಲಿನಿಕ್ಕಿಗೆ ಒಬ್ಬರು ಬಂದರು. ನಾನು ಫೋಟೋದಲ್ಲಿ ಮಾತ್ರ ನೋಡಿದ್ದ ಯೋಗೀಶ. ಡಾಕ್ಟರು ಪರವೂರಿಗೆ ಹೋಗಿದ್ದರು. ಆತ ಅರ್ಧ ಗಂಟೆ ಬೆಂಚಿನ ಮೇಲೆ ಕೂತು, ಇತರರು ಹೋದ ಮೇಲೆ ನನ್ನ ಮೇಜಿನ ಬಳಿ ಬಂದರು.

"ಮೇಡಂ, ಅವರು ಇಲ್ಲಿಗೆ ಬರ್ತಿದ್ದಿದ್ದನ್ನ ಯಾರೋ ನೋಡಿದಾರೆ. ಯಾತಕ್ಕೆ ಬಂದಿದ್ರು ಅಂತ ಕೇಳಲ್ಲ. ಆ ಮಚ್ಚೆ ಇಲ್ಲಿ ಆಗಿದ್ದಾ, ಅದೊಂದು ಹೇಳಿ. ಇವತ್ತು ಸಾಯಂಕಾಲ ಮನೇಲಿ ತೀರ್ಮಾನ ಮಾಡ್ತಾರೆ. ನಾನು ಒಪ್ಪಿಸ್ತೀನಿ."

ಹೌದು ಎಂಬ ಒಂದು ಮಾತು ಸಾಕಿತ್ತು. ಕೂದಲಿನ ಪ್ರಸ್ತಾಪವನ್ನೂ ಆತ ನನ್ನಿಂದ ಬೇಡಿರಲಿಲ್ಲ. ಆದರೆ ಇಲ್ಲಿ ಆಯಿತೆಂದರೆ ಹೇಗಾಯಿತು ಎಂದು ನಾಳೆ ಡಾಕ್ಟರನ್ನು ಕೇಳುತ್ತಾರೆ, ಬಿಸಿಲಿನ ಪ್ರಶ್ನೆ ಮತ್ತೆ ಏಳುತ್ತದೆ, ಈ ಸಲ ವಾರಿಜ ನನ್ನನ್ನು ಉಳಿಸಲಾರಳು. ನನಗೆ ಗೊತ್ತಿಲ್ಲ ಎಂದೆ. ಆತ ನನ್ನ ಮುಖವನ್ನೇ ನೋಡುತ್ತ ನಿಂತು, ಕೈ ಮುಗಿದು ಹೋದರು. ಗಿರಿಜಮ್ಮನಿಗೆ ಕೊಟ್ಟ ಮಾತು ಉಳಿಸಿದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನು ಹೇಡಿಯಾಗಿದ್ದೆ, ಅಷ್ಟೇ.

ಮದುವೆ ಮುರಿಯಿತು. ಎಂಟು ತಿಂಗಳಲ್ಲಿ ಬಣ್ಣ ಮರಳಿತು, ಗುರುತೇ ಉಳಿಯಲಿಲ್ಲ. ಆದರೆ ತೊನ್ನಿನ ಮನೆ ಎಂಬ ಹೆಸರು ಹೋಗಲಿಲ್ಲ. ನೋಡಲು ಬಂದವರು ಅವಳ ಮುಖ ಬಿಟ್ಟು ಗಿರಿಜಮ್ಮನ ಮೊಣಕೈ, ಪಾದ ನೋಡಿ ಹೋಗುತ್ತಿದ್ದರು. ಆಮೇಲೆ ಯಾರೂ ಬರಲಿಲ್ಲ.

ಗಿರಿಜಮ್ಮ ತೀರಿಕೊಂಡ ವರ್ಷ, ಎಲ್ಲ ಮುಗಿದು ಒಂಬತ್ತು ವರ್ಷಗಳ ನಂತರ, ನಾನು ವಾರಿಜಳ ಮುಂದೆ ಕೂತು ಹೇಳಿಬಿಟ್ಟೆ. ಮೊದಲು ಬಿಸಿಲಿನ ಸುಳ್ಳಿಗೆ ಕ್ಷಮೆ ಕೇಳಿದೆ. ಅವಳು ನಕ್ಕು, ಅದನ್ನು ತನಗಾಗಿ ಹೇಳಿದ್ದಲ್ಲವೇ, ತನಗೂ ಅದೇ ಬೇಕಿತ್ತು ಎಂದಳು. ನಂತರ ಕ್ಲಿನಿಕ್ಕಿನ ಆ ಮಧ್ಯಾಹ್ನದ ಸಂಗತಿ ಹೇಳಿದೆ.

ಅವಳು ಬಯ್ಯಲಿಲ್ಲ.

"ಅವರೇ ಬಂದಿದ್ರಾ?"

ಹೂಂ ಎಂದೆ.

"ಒಬ್ರೇನಾ?"

"ಒಬ್ರೇ."

"ಅವರು ವಿಚಾರಿಸಲೇ ಇಲ್ಲ ಅಂದ್ಕೊಂಡಿದ್ದೆ ಅಕ್ಕ. ಇಷ್ಟು ವರ್ಷ ಅವರನ್ನ ಬೈಕೊಂಡೇ ಇದ್ದೆ."

ಎದ್ದು ಬಚ್ಚಲಿಗೆ ಹೋದಳು. ಮುಖಕ್ಕೆ ನೀರು ಎರಚಿಕೊಳ್ಳುವ ಸದ್ದು ಕೇಳಿತು. ನಿಂತೀತೆಂದು ಕಾದೆ. ಹಂಡೆಯ ತಳಕ್ಕೆ ಚೊಂಬು ಕೆರೆಯುವವರೆಗೂ ಅವಳು ಮುಖ ತೊಳೆಯುತ್ತಲೇ ಇದ್ದಳು.