ಜಿಗಣೆ ಕಚ್ಚಿದ ಗುರುತು

ಮಗಳ ಮನೆಗೆಂದು ಪುಣೆಗೆ ಹೋದ ಜಲಜಾ ಹನ್ನೆರಡು ದಿನಕ್ಕೆ ದೆಹಲಿಯ ದ್ವಾರಕಾಕ್ಕೆ ಮರಳಿದಳು. ಮಾರನೆಯ ಬೆಳಿಗ್ಗೆಯೇ ಗೆಳತಿ ಚಿಣ್ಣಮ್ಮನ ಫ್ಲ್ಯಾಟಿಗೆ ಬಂದು, ಪುಣೆಯ ತಿಂಡಿ ಬಾಕರ್‌ವಡಿಯ ಪೊಟ್ಟಣ ಕೈಗಿತ್ತು, ಸೋಫಾದ ಮೇಲೆ ಕಾಲು ಮಡಚಿ ಕೂತು ಕಣಕಾಲು ಕೆರೆದುಕೊಳ್ಳತೊಡಗಿದಳು. ಪುಣೆಯ ಸೊಳ್ಳೆ ಮಹಾ ಪಾಪಿ ಎಂದು ಬೈದಳು.

ಚಿಣ್ಣಮ್ಮ ಬಗ್ಗಿ ನೋಡಿದಳು. ಸೊಳ್ಳೆಯಂತೆ, ಸೊಳ್ಳೆ! ಕೊಡಗಿನ ಏಲಕ್ಕಿ ಮಲೆಯಲ್ಲಿ ಬೆಳೆದವಳ ಕಣ್ಣಿಗೆ ಮಣ್ಣೆರಚುವುದು ಈ ತುಮಕೂರಿನವಳಿಂದ ಆದೀತೇ? ನಡುವೆ ಮೂರು ಕವಲಿನ ಪುಟ್ಟ ಗಾಯ, ಸುತ್ತಲೂ ಕಪ್ಪಿಟ್ಟ ಚರ್ಮ. ಜಿಗಣೆ ಕಚ್ಚಿದ ಗುರುತು. ಪುಣೆಯಲ್ಲಿ ಮಗಳ ಎಂಟನೇ ಮಹಡಿಯ ಮನೆಗೆ ಜಿಗಣೆ ಹತ್ತುವುದಿಲ್ಲ. ಅದಕ್ಕೆ ಒದ್ದೆ ಎಲೆ ಕೊಳೆಯುವ ಕಾಡೇ ಬೇಕು.

ಯಾವ ಕಾಡೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಅವಳ ಗಂಡ ಬಿದ್ದಯ್ಯ ಸೇನೆಯಲ್ಲಿ ಸುಬೇದಾರನಾಗಿ ಅರುಣಾಚಲದಲ್ಲಿ ಮೂರು ವರ್ಷ ಇದ್ದವನು. ಅಲ್ಲಿನ ಬೆಟ್ಟಗಳಲ್ಲಿರುವ ರಾಷ್ಟ್ರೀಯ ಉದ್ಯಾನ, ಹಗಲಲ್ಲೂ ಬಿಸಿಲು ನೆಲ ಮುಟ್ಟದ ಆ ಮಳೆಕಾಡು, ಇದನ್ನೆಲ್ಲ ಹೇಳಿ ಹೇಳಿ ಹೆಂಡತಿಗೂ ಹುಚ್ಚು ಹಿಡಿಸಿದ್ದ. ಚಾಕುವಿನ ಭಯಕ್ಕೆ ಅವಳು ಮಂಡಿ ಆಪರೇಷನ್ ಒಲ್ಲೆನೆಂದು ಎರಡು ವರ್ಷ ಹಟ ಹಿಡಿದಿದ್ದಳು. ಕೊನೆಗೆ ಒಪ್ಪಿಸಿದವಳು ಜಲಜಾ. ಮಂಡಿ ಸರಿಮಾಡಿಸಿಕೋ, ನಾವಿಬ್ಬರೂ ಆ ಕಾಡಿನಲ್ಲಿ ಐದು ದಿನ ನಡೆಯೋಣ ಎಂದಿದ್ದಳು. ಚಿಣ್ಣಮ್ಮ ಎರಡೂ ಮಂಡಿ ಕೊಯ್ಯಿಸಿಕೊಂಡಳು. ಎಂಟು ತಿಂಗಳು ಹಲ್ಲು ಕಚ್ಚಿಕೊಂಡು ವ್ಯಾಯಾಮ ಮಾಡಿದಳು. ಅರುಣಾಚಲಕ್ಕೆ ಹೋಗುವ ಪರ್ಮಿಟ್ ಸಿಗಲಿಲ್ಲವೆಂದು ಜಲಜಾ ಹೇಳಿದಾಗ, ಪಾಪ ಇವಳಿಗೂ ನಿರಾಸೆಯಾಯಿತಲ್ಲ ಎಂದು ಸಮಾಧಾನ ಮಾಡಿದವಳೂ ಚಿಣ್ಣಮ್ಮನೇ. ನಂಬಿದ ಎಮ್ಮೆ ಕೋಣ ಈಯಿತು.

“ಕಾಡಲ್ಲಿ ಮಳೆ ಜೋರಿತ್ತಾ?” ಎಂದಳು.

ಕೆರೆಯುತ್ತಿದ್ದ ಕೈ ನಿಂತಿತು. ಜಲಜಾ ಹೋಗಿದ್ದು ನಿಜವೆಂದು ಒಪ್ಪಿಕೊಂಡಳು. ವಸಂತ್ ಕುಂಜ್‌ನ ನಾಲ್ಕು ಜನರ ಜೊತೆ ಹೋಗಿದ್ದಳಂತೆ. ಹೊಸ ಮಂಡಿಯವಳು ನಡುದಾರಿಯಲ್ಲಿ ಕೂತುಬಿಟ್ಟರೆ ಹೊತ್ತು ತರುವವರು ಯಾರೆಂದು ಎಲ್ಲರಿಗೂ ಹೆದರಿಕೆಯಂತೆ.

“ನನ್ನ ಮೇಲೆ ಸಿಟ್ಟಾಗಬೇಡ ಕಣೇ. ಕಾಡಿನ ಆಸೆ ತೋರಿಸಿದ್ರೆ ಆಪರೇಷನ್ನಿಗೆ ಒಪ್ತಾಳೆ ಅಂತ ಹೇಳಿಕೊಟ್ಟಿದ್ದೇ ನಿಮ್ಮ ಯಜಮಾನ್ರು. ನಿನ್ನ ಕರ್ಕೊಂಡು ಹೋಗೋ ಮಾತು ಮೊದಲಿಂದಲೂ ಇರ್ಲಿಲ್ಲ.”

ಅಷ್ಟರಲ್ಲಿ ಬಿದ್ದಯ್ಯ ಕಾಫಿ ಹಿಡಿದು ಅಡುಗೆಮನೆಯಿಂದ ಬಂದ. ಎಲ್ಲ ಕೇಳಿಸಿಕೊಂಡಿದ್ದ, ಆದರೆ ಅಲ್ಲಗಳೆಯಲಿಲ್ಲ. ಕೋಲಿಲ್ಲದೆ ಓಡಾಡುತ್ತಿದ್ದಾಳಲ್ಲ, ಅದಕ್ಕೇ ಮಾಡಿದ್ದು ಎಂದ.

ಚಿಣ್ಣಮ್ಮನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಮಗುವಿಗೆ ಬೆಲ್ಲ ತೋರಿಸಿ ಕಷಾಯ ಕುಡಿಸುತ್ತಾರೆ, ಸರಿ. ಕುಡಿಸಿದ ಮೇಲೆ ಬೆಲ್ಲ ಕೊಡುತ್ತಾರಪ್ಪ! ಇವರಿಬ್ಬರೂ ಅವಳ ಬೆನ್ನ ಹಿಂದೆ ಕೂತು ಅವಳ ಆಸೆಯನ್ನೇ ಗಾಳಕ್ಕೆ ಸಿಕ್ಕಿಸಿದ್ದರು.

“ನಡೀತೀಯಾ ಅಂತ ಒಬ್ಬರಾದ್ರೂ ನನ್ನ ಕೇಳಿದ್ರಾ?”

ಬಿದ್ದಯ್ಯ ಪಕ್ಕದಲ್ಲಿ ಕೂತು ಹೆಂಡತಿಯ ಕೈ ಹಿಡಿದುಕೊಂಡ.

“ಮುಂದಿನ ವರ್ಷ ನಾವಿಬ್ಬರೇ ಹೋಗೋಣ, ಚಿಣ್ಣಿ” ಎಂದ ಮೆತ್ತಗೆ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ, ಸ್ಟ್ರೆಚರ್ ಒಳಗೆ ಹೋಗುವ ಮುಂಚೆ ಅವನು ಕೈ ಹಿಡಿದು ಕಾಡಿನ ಮಾತು ಹೇಳಿದ್ದೂ ಇದೇ ದನಿಯಲ್ಲಿ. ಆಗ ಅವಳು ಅದನ್ನು ಪ್ರೀತಿ ಅಂದುಕೊಂಡಿದ್ದಳು.